ನೆಲದ ಸಣ್ಣ ನಡುಕವನ್ನು ದಾಖಲಿಸುವುದು ಹೇಗೆ: ಆಳದ ಭೂಶಾಖ ಯೋಜನೆಗಳ ಪಾಠ, ಹಾಸನ–ಚಿಕ್ಕಮಗಳೂರಿನ ನೆಲದಲ್ಲಿ

ಭೂಮಿಯ ಆಳದ ಶಾಖವನ್ನು ಮೇಲೆತ್ತುವ ಯೋಜನೆ ಯಾವ ಊರಿಗೆ ಬಂದರೂ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು: ಕೊರೆಯುವ ಯಂತ್ರ ಬರುವ ಮುಂಚೆ ಇಲ್ಲಿಯ ನೆಲ ತಾನಾಗಿ ಎಷ್ಟು ಅಲುಗುತ್ತಿತ್ತು? ನೆಲದ ಈ ಮೂಲಸ್ಥಿತಿಯ ದಾಖಲೆ ಇಲ್ಲದಿದ್ದರೆ, ಗೋಡೆ ಬಿರುಕು ಬಿಟ್ಟ ದಿನ ಊರಿನವರು ಕಂಪನಿಯನ್ನು ದೂರುತ್ತಾರೆ, ಕಂಪನಿ ಪ್ರಕೃತಿಯತ್ತ ಕೈ ತೋರಿಸುತ್ತದೆ, ಪುರಾವೆ ಮಾತ್ರ ಯಾರ ಬಳಿಯೂ ಇರುವುದಿಲ್ಲ. ನಡುಕ ಶುರುವಾದ ಮೇಲೆ ಮಾಪಕ ತಂದಿಟ್ಟರೆ ಕಳೆದುಹೋದ ಆ ದಿನಗಳು ಮರಳಿ ಸಿಗುವುದಿಲ್ಲ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇಂದು ಅಂಥ ಯೋಜನೆ ಯಾವುದೂ ಇಲ್ಲ. ಆದರೆ ಅಲುಗುವ ನೆಲ ಇದೆ. 2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರ ತಾಲ್ಲೂಕಿನ ಮಳುಗನಹಳ್ಳಿಯ ಬಳಿ 3.4 ತೀವ್ರತೆಯ ಕಂಪನವಾಗಿ, ಕೊಡಗು, ಮೈಸೂರಿನ ಕಡೆಯ ಜನರಿಗೂ ಅದು ತಿಳಿಯಿತು. ಅದರ ಬೆನ್ನಿಗೇ ಕೊಡಗು ಮತ್ತು ಸುಳ್ಯದ ಗಡಿಯಲ್ಲಿ ಸಾಲು ಸಾಲಾಗಿ ಸಣ್ಣ ಕಂಪನಗಳಾದವು. ಇವುಗಳ ಜೊತೆಗೆ ಕಲ್ಲು ಕ್ವಾರಿಗಳಿವೆ, ಹೇಮಾವತಿ ಮತ್ತು ಭದ್ರಾ ಜಲಾಶಯಗಳಿವೆ. ಭೂಶಾಖ ಯೋಜನೆಯ ಸುತ್ತ ಸಣ್ಣ ಕಂಪನಗಳನ್ನು ಗಮನಿಸುವ ವಿಧಾನವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸದ ಅಂಗಳ ಬೇಕಿಲ್ಲ. ಪ್ರೌಢಶಾಲೆ ಮತ್ತು ಕಾಲೇಜಿನ ವಿಜ್ಞಾನ ಶಿಕ್ಷಕರು, ತೋಟದ ಮನೆಯಲ್ಲಿ ಒಂದು ಮೂಲೆ ಬಿಟ್ಟುಕೊಡಬಲ್ಲ ಬೆಳೆಗಾರರು, ಇಂಜಿನಿಯರಿಂಗ್ ವಿದ್ಯಾರ್ಥಿಗಳು: ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ತಿಳಿಯಬೇಕಾದ್ದು: ನೀರು ಬಂಡೆಯನ್ನು ಹೇಗೆ ಜಾರಿಸುತ್ತದೆ

ಆಳದ ಭೂಶಾಖ ಯೋಜನೆಯಲ್ಲಿ ನಾಲ್ಕೈದು ಕಿಲೋಮೀಟರ್ ಆಳಕ್ಕೆ ಬಾವಿ ಕೊರೆದು, ಹೆಚ್ಚಿನ ಒತ್ತಡದಲ್ಲಿ ನೀರು ನುಗ್ಗಿಸುತ್ತಾರೆ. ಬಂಡೆಯಲ್ಲಿ ಮೊದಲೇ ಇರುವ ಸೀಳುಗಳು ತೆರೆದುಕೊಂಡು ನೀರು ಓಡಾಡಲು ದಾರಿಯಾಗಬೇಕು, ಬಿಸಿಯಾದ ನೀರು ಇನ್ನೊಂದು ಬಾವಿಯಿಂದ ಮೇಲೆ ಬರಬೇಕು ಎಂಬುದು ಉದ್ದೇಶ. ಸೀಳಿನ ಎರಡು ಮುಖಗಳನ್ನು ಮೇಲಿನ ಭಾರ ಒತ್ತಿ ಹಿಡಿದಿರುತ್ತದೆ. ಒಳಗೆ ನೀರಿನ ಒತ್ತಡ ಏರಿದಂತೆ ಆ ಹಿಡಿತ ಸಡಿಲವಾಗುತ್ತದೆ, ಸೀಳು ಸ್ವಲ್ಪ ಜಾರುತ್ತದೆ. ಆ ಜಾರುವಿಕೆಯೇ ಸಣ್ಣ ಭೂಕಂಪ. ಹೀಗೆ ಜಾರುವ ಬಹುತೇಕ ಸೀಳುಗಳು ಮೇಲಿರುವವರಿಗೆ ಗೊತ್ತೇ ಆಗುವುದಿಲ್ಲ, ಮಾಪಕಕ್ಕೆ ಮಾತ್ರ ಗೊತ್ತಾಗುತ್ತದೆ. ಆದರೆ ಆ ನೀರು ಒಂದು ದೊಡ್ಡ ಸ್ತರಭಂಗವನ್ನು, ಅಂದರೆ ಬಂಡೆ ಮುರಿದು ಜಾರಿರುವ ಉದ್ದನೆಯ ಬಿರುಕನ್ನು, ತಲುಪಿದರೆ ಕಥೆಯೇ ಬೇರೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರ ಡಿಸೆಂಬರ್ 2ರಂದು ಸುಮಾರು 5 ಕಿ.ಮೀ. ಆಳದ ಬಾವಿಗೆ ನೀರು ನುಗ್ಗಿಸಲು ಆರಂಭಿಸಿದರು. ನೂರಾರು ಮೀಟರ್‌ಗಳಿಂದ ಹಿಡಿದು 2.7 ಕಿ.ಮೀ. ಆಳದವರೆಗೆ ಇಳಿಸಿದ ಆರು ಮಾಪಕಗಳು ಹತ್ತು ಸಾವಿರಕ್ಕೂ ಹೆಚ್ಚು ಕಂಪನಗಳನ್ನು ಹಿಡಿದವು. ಡಿಸೆಂಬರ್ 8ರ ಬೆಳಗಿನ ಜಾವ 2.6 ತೀವ್ರತೆಯ ಕಂಪನವಾದ ಮೇಲೆ ನೀರು ನಿಲ್ಲಿಸಿದರು. ಅದೇ ದಿನ ಸಂಜೆ, ನೀರು ನಿಂತ ಕೆಲವು ಗಂಟೆಗಳ ನಂತರ, 3.4 ತೀವ್ರತೆಯದು ಬಂತು. ಮುಂದಿನ ಎರಡು ತಿಂಗಳಲ್ಲಿ 3 ದಾಟಿದವು ಇನ್ನೂ ಮೂರು. 2009ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಇನ್ನೂ ಕೆಟ್ಟದ್ದಾಯಿತು. ಕೊನೆಯ ಬಾರಿ ನೀರು ನುಗ್ಗಿಸಿ ಸುಮಾರು ಎರಡು ತಿಂಗಳಾದ ಮೇಲೆ, 2017ರ ನವೆಂಬರ್ 15ರಂದು, 5.4 ತೀವ್ರತೆಯ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅದಕ್ಕೆ ಭೂಶಾಖ ಯೋಜನೆಯೇ ಚಾಲನೆ ಕೊಟ್ಟಿತೆಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿ 2019ರ ಮಾರ್ಚ್‌ನಲ್ಲಿ ಹೇಳಿತು. ಅದೇ 2017ರ ಏಪ್ರಿಲ್‌ನಲ್ಲಿ 3ನ್ನು ಮೀರಿದ ಒಂದು ಕಂಪನ ಆಗಿತ್ತು ಎಂಬುದನ್ನು ಮರೆಯಬಾರದು. ನೆಲ ಮುನ್ಸೂಚನೆ ಕೊಟ್ಟಿತ್ತು, ಅದನ್ನು ತೂಗಿ ನೋಡುವ ಕೆಲಸ ಆಗಲಿಲ್ಲ.

ಇದಕ್ಕೆ ಎದುರಾಗಿ ಫಿನ್ಲೆಂಡಿನ ಹೆಲ್ಸಿಂಕಿ ಬಳಿ 2018ರಲ್ಲಿ 6.1 ಕಿ.ಮೀ. ಆಳದ ಬಾವಿಗೆ 18,000 ಘನ ಮೀಟರ್ ನೀರು ನುಗ್ಗಿಸಿದರೂ ಅತಿ ದೊಡ್ಡ ಕಂಪನ 1.9ಕ್ಕೆ ನಿಂತಿತು. 2.1 ಮುಟ್ಟಿದರೆ ಕೆಲಸ ನಿಲ್ಲಿಸಬೇಕು ಎಂಬ ಮಿತಿಯನ್ನು ಮೊದಲೇ ಗೊತ್ತುಮಾಡಿದ್ದರು. ಮಾಪಕ ಹೇಳಿದ್ದನ್ನು ಆಗಿಂದಾಗಲೇ ನೋಡಿ ನೀರಿನ ಒತ್ತಡವನ್ನು ಏರಿಳಿಸುತ್ತಿದ್ದರು. ಹೆಲ್ಸಿಂಕಿಯ ಉದಾಹರಣೆಯನ್ನು ಬೇಕೆಂದೇ ತಂದಿದ್ದೇನೆ. ಅಲ್ಲಿರುವುದೂ ನಮ್ಮಂಥದೇ ಹಳೆಯ, ಗಟ್ಟಿ, ತಣ್ಣಗಿನ ಬಂಡೆ.

ನಮ್ಮ ನೆಲದ ಗುಣ

ಹಾಸನದ ಅಡಿಯಲ್ಲಿರುವುದು ಧಾರವಾಡ ಕ್ರೇಟಾನ್ ಎಂಬ ಬಹಳ ಹಳೆಯ, ಗಟ್ಟಿ ಭೂಭಾಗದ ಬಂಡೆ. ಗೊರೂರಿನ ಸುತ್ತಲಿನ ನೈಸ್ ಶಿಲೆಗೆ 330 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ದಕ್ಷಿಣ ಭಾರತದ ಅತ್ಯಂತ ಹಳೆಯ ಶಿಲೆಗಳಲ್ಲಿ ಅದೂ ಒಂದು. ಇಂಥ ಬಂಡೆಯಲ್ಲಿ ಆಳಕ್ಕೆ ಹೋದಂತೆ ಶಾಖ ಬಹಳ ನಿಧಾನವಾಗಿ ಏರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿ.ಮೀ. ಮೀರಿದ ಆಳದಲ್ಲಿಯೂ ಬಂಡೆಯ ಶಾಖ 65 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿತ್ತು. ಬಾಸೆಲ್‌ನಂಥ ಕಡೆ 5 ಕಿ.ಮೀ.ಗೆ 200 ಡಿಗ್ರಿಯ ಹತ್ತಿರ ಸಿಗುತ್ತದೆ. ಹಾಗಾಗಿ ಇಲ್ಲಿ ವಿದ್ಯುತ್ತಿಗಾಗಿ ಆಳದ ಭೂಶಾಖ ಯೋಜನೆ ಲಾಭದಾಯಕವಾಗುವುದು ಕಷ್ಟ ಎಂಬುದೇ ನನ್ನ ಅಂದಾಜು. ನಮ್ಮ ದೇಶದಲ್ಲಿ ಭೂಶಾಖದ ಮಾತು ಬಂದಾಗ ಲಡಾಖಿನ ಪುಗಾ ಕಣಿವೆ, ಛತ್ತೀಸಗಢದ ತಾತಾಪಾನಿ ಮುಂದೆ ಬರುವುದೂ ಇದೇ ಕಾರಣಕ್ಕೆ.

ಆದರೆ ತಣ್ಣನೆಯ ಗಟ್ಟಿ ಬಂಡೆಗೆ ಇನ್ನೊಂದು ಗುಣವಿದೆ. ಅದು ಅಲೆಗಳನ್ನು ಹೆಚ್ಚು ಹೀರದೆ ದೂರದವರೆಗೂ ಒಯ್ಯುತ್ತದೆ. ಸಣ್ಣ ಕಂಪನವನ್ನು ಆಲಿಸಲು ಇದಕ್ಕಿಂತ ಒಳ್ಳೆಯ ನೆಲವಿಲ್ಲ. 1965ರಲ್ಲಿ ದೂರದೇಶಗಳ ಅಣುಪರೀಕ್ಷೆಗಳನ್ನು ಪತ್ತೆ ಹಚ್ಚಲು ಗೌರಿಬಿದನೂರಿನಲ್ಲಿ ಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಹರಡಿ ನಿಲ್ಲಿಸಿದ್ದು ಇಂಥ ಬಂಡೆಯ ಮೇಲೆಯೇ.

ಮೊದಲ ಹೆಜ್ಜೆ: ಜಾಗ

ಹಣವನ್ನು ಉಪಕರಣಕ್ಕೆ ಸುರಿಯುವ ಮೊದಲು ಸಮಯವನ್ನು ಜಾಗಕ್ಕೆ ಸುರಿಯಿರಿ. ಒಳ್ಳೆಯ ಜಾಗದಲ್ಲಿಟ್ಟ ಸಾಧಾರಣ ಮಾಪಕ, ಕೆಟ್ಟ ಜಾಗದಲ್ಲಿಟ್ಟ ದುಬಾರಿ ಮಾಪಕಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತದೆ.

ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಹಾಸುಬಂಡೆ ನೆಲದ ಮೇಲೆಯೇ ಕಾಣುತ್ತದೆ. ಅದರ ಮೇಲೆ ಕಟ್ಟಿದ ಹಳೆಯ ಕೋಣೆ ಅಥವಾ ಶಾಲೆಯ ಉಗ್ರಾಣ ಸಿಕ್ಕಿದರೆ ಅದೃಷ್ಟ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಾಗಲ್ಲ. ಮಳೆಗೆ ಕೊಳೆತ ಬಂಡೆ, ಜಂಬಿಟ್ಟಿಗೆ, ಕೆಂಪು ಮಣ್ಣು ಹತ್ತಾರು ಅಡಿ ದಪ್ಪಕ್ಕೆ ಇರುತ್ತವೆ. ಮೆತ್ತನೆಯ ಮಣ್ಣು ಅಲೆಯನ್ನು ಉಬ್ಬಿಸಿ ವಿರೂಪಗೊಳಿಸುತ್ತದೆ. ಅಲ್ಲಿ ಹಳ್ಳದ ದಂಡೆಯಲ್ಲಿ, ರಸ್ತೆಗೆಂದು ಗುಡ್ಡ ಕಡಿದ ಕಡೆ, ಬಂಡೆ ಹೊರಬಂದಿರುವ ಜಾಗ ಹುಡುಕಿ.

ಈ ಸದ್ದುಗಳಿಂದ ದೂರವಿರಿ: ನೀರೆತ್ತುವ ಪಂಪ್‌ಸೆಟ್, ಅಕ್ಕಿ ಗಿರಣಿ, ಹೆದ್ದಾರಿ, ರೈಲು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಮಾರ್ಗದ ಹತ್ತಿರವಿದ್ದರೆ ಗೂಡ್ಸ್ ಗಾಡಿ ಹತ್ತುವಾಗಲೆಲ್ಲ ಪರದೆ ಕಪ್ಪಾಗುತ್ತದೆ. ಕಾಫಿ ತೋಟದವರಿಗೆ ಇನ್ನೆರಡು ವಿಷಯ. ಕೊಯ್ಲಿನ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತದೆ, ಆದ್ದರಿಂದ ಮಾಪಕ ಕಣದ ಬಳಿ ಬೇಡ. ಎತ್ತರದ ಸಿಲ್ವರ್ ಓಕ್ ಗಾಳಿಗೆ ತೂಗಿದಾಗ ಬೇರು ನೆಲವನ್ನು ಅಲ್ಲಾಡಿಸುತ್ತದೆ, ಆದ್ದರಿಂದ ದೊಡ್ಡ ಮರದ ಬುಡದಿಂದ ಕನಿಷ್ಠ ಆ ಮರದ ಎತ್ತರದಷ್ಟು ದೂರವಿರಲಿ.

ಜಾಗ ಆಯ್ಕೆಗೆ ಒಂದು ಪರೀಕ್ಷೆ: ಮಾಪಕವನ್ನು ತಾತ್ಕಾಲಿಕವಾಗಿ ಇಟ್ಟು, ಹಗಲು ರಾತ್ರಿ ಸೇರಿದಂತೆ ಎರಡು ಮೂರು ದಿನ ಬಿಡಿ. ಮಾಪಕ ಪರದೆಯ ಮೇಲೆ ಎಳೆಯುವ ಅಲುಗಾಟದ ಗೆರೆ ನಡುರಾತ್ರಿಯಲ್ಲಿ ಹಗಲಿಗಿಂತ ಸ್ಪಷ್ಟವಾಗಿ ತೆಳ್ಳಗಿರಬೇಕು. ಎರಡೂ ಒಂದೇ ದಪ್ಪವಿದ್ದರೆ ಹತ್ತಿರದಲ್ಲೇ ನಿಲ್ಲದೆ ಓಡುವ ಯಂತ್ರವೊಂದಿದೆ ಎಂದರ್ಥ. ಅದನ್ನು ಹುಡುಕಿ, ಇಲ್ಲವೇ ಜಾಗ ಬದಲಿಸಿ.

ಬತ್ತಿದ ಕೊಳವೆ ಬಾವಿಯೊಳಗೆ ಮಾಪಕ ಇಳಿಸಬಹುದೇ ಎಂದು ಅರಸೀಕೆರೆಯ ಕಡೆಯವರು ಕೇಳುವುದುಂಟು. ತತ್ವ ಸರಿ. ಬಾಸೆಲ್‌ನಲ್ಲಿ, ಹೆಲ್ಸಿಂಕಿಯಲ್ಲಿ ಮಾಡಿದ್ದು ಅದನ್ನೇ, ಮೇಲಿನ ಗದ್ದಲ ಆಳಕ್ಕೆ ಇಳಿಯುವುದಿಲ್ಲ. ಆದರೆ ನೀರು ನುಸುಳದ ಕವಚ ಬೇಕು, ಮಾಪಕ ಬಾವಿಯ ಗೋಡೆಗೆ ಬಿಗಿಯಾಗಿ ಕಚ್ಚಿಕೊಂಡಿರಬೇಕು. ತಜ್ಞರ ನೆರವಿಲ್ಲದೆ ಕೈ ಹಾಕಬೇಡಿ. ಯಾವ ಕಾರಣಕ್ಕೂ ಬಾವಿಯ ಮುಚ್ಚಳ ತೆರೆದಿಟ್ಟು ಹೋಗಬೇಡಿ. ಮಕ್ಕಳ ಜೀವದ ಪ್ರಶ್ನೆ ಅದು.

ಎರಡನೆಯ ಹೆಜ್ಜೆ: ಉಪಕರಣ

ಶಾಲೆಗೆ, ಮನೆಗೆ ಒಗ್ಗುವುದು ಜಿಯೋಫೋನ್ ಆಧಾರಿತ ಮಾಪಕ. ಜಿಯೋಫೋನಿನೊಳಗೆ ಸ್ಪ್ರಿಂಗಿಗೆ ತೂಗುಬಿಟ್ಟ ತಂತಿಯ ಸುರುಳಿಯೂ ಅಯಸ್ಕಾಂತವೂ ಇರುತ್ತವೆ. ನೆಲ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದು ನೆಲದ ವೇಗಕ್ಕೆ ತಕ್ಕಂತೆ ಇರುತ್ತದೆ. ರಾಸ್ಪ್‌ಬೆರಿ ಶೇಕ್ ಎಂಬ ಸಿದ್ಧ ಉಪಕರಣದಲ್ಲಿ ಸೆಕೆಂಡಿಗೆ 4.5 ಆವರ್ತನದ ಜಿಯೋಫೋನ್, ಆ ವಿದ್ಯುತ್ತನ್ನು ಅಂಕಿಗಳಾಗಿಸುವ 24 ಬಿಟ್ ಪರಿವರ್ತಕ, ಪುಟ್ಟ ಕಂಪ್ಯೂಟರ್ ಒಟ್ಟಿಗೆ ಬರುತ್ತವೆ. ಅದು ಸೆಕೆಂಡಿಗೆ 100 ಬಾರಿ ಅಳತೆ ತೆಗೆಯುತ್ತದೆ. ಎಲೆಕ್ಟ್ರಾನಿಕ್ಸ್ ಬಲ್ಲ ವಿದ್ಯಾರ್ಥಿಗಳು ಜಿಯೋಫೋನನ್ನು ಬಿಡಿಯಾಗಿ ಕೊಂಡು ತಾವೇ ಜೋಡಿಸಲೂಬಹುದು.

ಮೇಲೆ–ಕೆಳಗೆ ಅಲುಗುವುದನ್ನು ಮಾತ್ರ ಅಳೆಯುವ ಮಾದರಿ ಅಗ್ಗ. ಮೂರು ದಿಕ್ಕುಗಳನ್ನು ಅಳೆಯುವುದಕ್ಕೆ ಬೆಲೆ ಹೆಚ್ಚು. ಕಂಪನದಿಂದ ಹೊರಟ ಅಲೆಗಳಲ್ಲಿ ಮೊದಲು ತಲುಪುವುದು ಪಿ ಅಲೆ. ಎರಡನೆಯದಾಗಿ ಬರುವ ಎಸ್ ಅಲೆ ನೆಲವನ್ನು ಅಡ್ಡಡ್ಡ ಅಲ್ಲಾಡಿಸುವುದರಿಂದ ಮೂರು ದಿಕ್ಕಿನ ಮಾಪಕದಲ್ಲಿ ಅದನ್ನು ಗುರುತಿಸುವುದು ಸುಲಭ. ನಾಲ್ಕು ಶಾಲೆಗಳಿಗೆ ಒಂದೇ ದಿಕ್ಕಿನದೋ, ಒಂದು ಶಾಲೆಗೆ ಮೂರು ದಿಕ್ಕಿನದೋ ಎಂದು ಕೇಳಿದರೆ ನಾನು ನಾಲ್ಕು ಶಾಲೆ ಎನ್ನುತ್ತೇನೆ. ಕಾರಣ ಮುಂದೆ ಬರುತ್ತದೆ.

ಮೊಬೈಲ್ ಫೋನಿನ ಒಳಗಿನ ಸಂವೇದಕ ಈ ಕೆಲಸಕ್ಕೆ ಸಾಲದು. ಕೈಗೆ ತಿಳಿಯುವ ಅಲುಗಾಟವನ್ನಷ್ಟೇ ಅದು ಹಿಡಿಯುತ್ತದೆ. ನಮಗೆ ಬೇಕಿರುವುದು ಯಾರಿಗೂ ತಿಳಿಯದ ನಡುಕ.

ಮೂರನೆಯ ಹೆಜ್ಜೆ: ಕೂರಿಸುವುದು

ಹಾಸುಬಂಡೆ ಅಥವಾ ಗಟ್ಟಿ ಕಾಂಕ್ರೀಟ್ ನೆಲವನ್ನು ಚೊಕ್ಕಟವಾಗಿ ಉಜ್ಜಿ, ಧೂಳು, ಸಡಿಲ ಗಾರೆ ಉಳಿಯದಂತೆ ತೊಳೆಯಿರಿ. ಹೆಂಚು, ಟೈಲ್ಸ್, ಮರದ ಹಲಗೆ, ಮೇಜು ಯಾವುದೂ ಬೇಡ. ಮಾಪಕದ ಮೂರು ಕಾಲುಗಳು ನೇರವಾಗಿ ಬಂಡೆಗೆ ತಾಗಬೇಕು. ತಿರುಪು ತಿರುಗಿಸುತ್ತಾ ಗುಳ್ಳೆ ಮಟ್ಟಸದ ನಡುವೆ ಬರುವವರೆಗೆ ಸರಿಪಡಿಸಿ, ಆಮೇಲೆ ತಿರುಪನ್ನು ಬಿಗಿ ಮಾಡಿ. ಮೂರು ದಿಕ್ಕಿನ ಮಾಪಕವಾದರೆ ಅದರ ಮೇಲಿನ ಗುರುತು ಉತ್ತರಕ್ಕೆ ಮುಖ ಮಾಡಿರಬೇಕು. ಕಬ್ಬಿಣದ ಕಂಬಿ ಹತ್ತಿರವಿದ್ದರೆ ದಿಕ್ಸೂಚಿ ತಪ್ಪು ತೋರಿಸುತ್ತದೆ, ಹೊರಗೆ ದಿಕ್ಕು ಹಿಡಿದು ದಾರ ಎಳೆದು ಒಳಗೆ ತನ್ನಿ. ಮೇಲೆ ಥರ್ಮಾಕೋಲ್ ಪೆಟ್ಟಿಗೆ ಕವಿಚಿದರೆ ಗಾಳಿಯೂ ತಾಪಮಾನದ ಏರಿಳಿತವೂ ತಗಲುವುದಿಲ್ಲ. ಪೆಟ್ಟಿಗೆ ಮಾಪಕಕ್ಕೆ ತಾಗದಂತೆ ನೋಡಿಕೊಳ್ಳಿ. ವೈರು ಜಗ್ಗಿಕೊಂಡಿರಬಾರದು, ಒಂದು ಸುತ್ತು ಸಡಿಲ ಬಿಟ್ಟು ನೆಲಕ್ಕೆ ಅಂಟಿಸಿ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ, ಏಪ್ರಿಲ್–ಮೇಯಲ್ಲಿ ಸಿಡಿಲು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಪೆಟ್ಟಿಗೆಯೊಳಗೆ ಹಾಕಿ ಆಗಾಗ ಬದಲಿಸಿ. ಅರ್ಥಿಂಗ್ ಸರಿಯಾಗಿರಲಿ. ಕರೆಂಟು ಹೋದರೂ ದಾಖಲೆ ನಿಲ್ಲದಂತೆ ಬ್ಯಾಟರಿ ಇರಲಿ. ಇಂಟರ್ನೆಟ್ ಹೋದರೆ ಚಿಂತೆಯಿಲ್ಲ, ಮಾಹಿತಿ ಒಳಗಿನ ಕಾರ್ಡಿನಲ್ಲಿ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಗಡಿಯಾರ

ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ಗಟ್ಟಿ ಬಂಡೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೆ ದೂರದಲ್ಲಿ 600 ಮೀಟರ್ ತಪ್ಪುತ್ತದೆ. ಇಂಟರ್ನೆಟ್ ಮೂಲಕ ಸಮಯ ಹೊಂದಿಸಿಕೊಳ್ಳುವ ವ್ಯವಸ್ಥೆ ಪಟ್ಟಣದಲ್ಲಿ ಸಾಕಾಗಬಹುದು, ಸಿಗ್ನಲ್ ಬಂದು ಹೋಗುವ ತೋಟದಲ್ಲಿ ಸಾಲದು. ಅಲ್ಲಿ ಜಿಪಿಎಸ್ ಗ್ರಾಹಕ ಜೋಡಿಸಿ, ಅದರ ಆಂಟೆನಾ ಆಕಾಶ ಕಾಣುವಂತೆ ಹೊರಗಿಡಿ. ಎಲ್ಲ ದಾಖಲೆಯನ್ನೂ ಜಾಗತಿಕ ಸಮಯದಲ್ಲಿ ಇಡುವುದು ರೂಢಿ. ನಮ್ಮ ಗಡಿಯಾರದಲ್ಲಿ ಐದೂವರೆ ಗಂಟೆ ಕಳೆದರೆ ಅದು ಸಿಗುತ್ತದೆ.

ಐದನೆಯ ಹೆಜ್ಜೆ: ಗದ್ದಲದ ಪುಸ್ತಕ

ಮೊದಲ ಆರು ತಿಂಗಳು ಭೂಕಂಪ ಹುಡುಕಬೇಡಿ, ಗದ್ದಲ ಕಲಿಯಿರಿ. ಒಂದು ನೋಟ್‌ಬುಕ್ ಇಟ್ಟು ಪ್ರತಿಯೊಂದನ್ನೂ ಬರೆಯಿರಿ: ಪಂಪ್ ಹಾಕಿದ್ದು ಎಷ್ಟು ಹೊತ್ತಿಗೆ, ಶಾಲೆಯ ಗಂಟೆ ಬಾರಿಸಿ ಮಕ್ಕಳು ಓಡಿದ್ದು ಎಷ್ಟು ಹೊತ್ತಿಗೆ, ಬಸ್ ತಿರುಗಿದ್ದು, ಜೋರು ಮಳೆ ಬಂದದ್ದು, ಗುಡುಗಿದ್ದು. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಆನೆ ಹತ್ತಿರ ಹಾದುಹೋದರೆ ಹೆಜ್ಜೆಯೂ ದಾಖಲಾಗುತ್ತದೆ. ಸಮ ಅಂತರದಲ್ಲಿ ಬರುವ ಭಾರವಾದ ತಟ್ಟುಗಳು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತವೆ.

ಈ ಪುಸ್ತಕ ಮತ್ತು ಅದರ ಜೊತೆಗಿನ ಕಡಿಯದ ದಾಖಲೆಯೇ ನಾನು ಆರಂಭದಲ್ಲಿ ಹೇಳಿದ ಮೂಲಸ್ಥಿತಿ. ಒಂದು ಪೂರ್ತಿ ವರ್ಷದ್ದಾದರೆ ಮಳೆಗಾಲ, ಕೊಯ್ಲು, ಬೇಸಿಗೆ ಎಲ್ಲವೂ ಅದರಲ್ಲಿ ಬರುತ್ತವೆ. ಒಂದು ದಿಕ್ಕಿನ ದಾಖಲೆ ದಿನಕ್ಕೆ ಹೆಚ್ಚೆಂದರೆ ಹತ್ತಿಪ್ಪತ್ತು ಎಂ.ಬಿ. ಆಗುತ್ತದೆ, ವರ್ಷದ್ದನ್ನು ಒಂದು ಪೆನ್‌ಡ್ರೈವಿನಲ್ಲಿ ಇಡಬಹುದು. ಭೂಕಂಪ ಕಂಡ ತುಣುಕುಗಳನ್ನಷ್ಟೇ ಇಟ್ಟು ಉಳಿದದ್ದನ್ನು ಅಳಿಸಬೇಡಿ. ಏನೂ ಆಗದ ದಿನಗಳೂ ಪುರಾವೆಯೇ. ಮಿನಿಸೀಡ್ ಎಂಬ ಮಾದರಿಯಲ್ಲಿ ಉಳಿಸಿ, ವಿಜ್ಞಾನಿಗಳೆಲ್ಲರೂ ಓದಬಲ್ಲ ಮಾದರಿ ಅದು.

ಆರನೆಯ ಹೆಜ್ಜೆ: ಸೋಸುವುದು, ಹಿಡಿಯುವುದು

ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಸ್ವಾರ್ಮ್ ಎಂಬ ತಂತ್ರಾಂಶ, ಪೈಥಾನ್ ಬಲ್ಲವರಿಗೆ ಆಬ್ಸ್‌ಪೈ: ಎರಡೂ ಉಚಿತ. ಮೊದಲು ಸೆಕೆಂಡಿಗೆ 2ರಿಂದ 20 ಆವರ್ತನದ ನಡುವಿನ ಭಾಗವನ್ನು ಮಾತ್ರ ಉಳಿಸಿಕೊಳ್ಳಿ. ಕೆಳಗಿನದರಲ್ಲಿ ಸಮುದ್ರದ ಅಲೆಗಳ ಮೊರೆತ ತುಂಬಿರುತ್ತದೆ. ಅರಬ್ಬೀ ಸಮುದ್ರ ಘಾಟಿಯ ಆಚೆಯೇ ಇರುವುದರಿಂದ ಮುಂಗಾರಿನಲ್ಲಿ ಅದು ಜೋರು. ಹತ್ತಿರದ ಅತಿ ಸಣ್ಣ ಕಂಪನ ಬೇಕಿದ್ದರೆ 5ರಿಂದ 40ರ ನಡುವೆ ನೋಡಿ.

ಆಮೇಲೆ ಕಂಪ್ಯೂಟರಿಗೆ ಅಲುಗಾಟದ ಎರಡು ಸರಾಸರಿಗಳನ್ನು ಹೋಲಿಸಲು ಹೇಳಿ. ಒಂದು ಈಗಿನ ಅರ್ಧ ಸೆಕೆಂಡಿನದು, ಇನ್ನೊಂದು ಹಿಂದಿನ ಇಪ್ಪತ್ತು ಸೆಕೆಂಡಿನದು. ಮೊದಲನೆಯದು ಎರಡನೆಯದರ ನಾಲ್ಕು ಪಟ್ಟು ಮೀರಿದರೆ ಗುರುತು ಹಾಕಬೇಕು. ಪಟ್ಟು ಕಡಿಮೆ ಮಾಡಿದರೆ ಪ್ರತಿ ಲಾರಿಯೂ ಭೂಕಂಪವಾಗುತ್ತದೆ, ಹೆಚ್ಚು ಮಾಡಿದರೆ ನಿಜವಾದದ್ದು ತಪ್ಪಿಹೋಗುತ್ತದೆ. ನಿಮ್ಮ ಗದ್ದಲದ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ.

ಏಳನೆಯ ಹೆಜ್ಜೆ: ಕ್ವಾರಿಯ ಸಿಡಿತವೋ, ನೆಲದ ಕಂಪನವೋ

ನಮ್ಮ ಜಿಲ್ಲೆಗಳಲ್ಲಿ ಗುರುತು ಬೀಳುವುದರಲ್ಲಿ ಬಹುಪಾಲು ಕಲ್ಲು ಸಿಡಿಸಿದ್ದೇ ಆಗಿರುತ್ತದೆ. ಗೆರೆಯನ್ನು ಹಿಗ್ಗಿಸಿ ನಿಧಾನವಾಗಿ ನೋಡಿ.

ಸಿಡಿತ ಹಗಲಿನ ಕೆಲಸದ ಹೊತ್ತಿನಲ್ಲಿ, ದಿನವೂ ಹೆಚ್ಚುಕಡಿಮೆ ಅದೇ ಸಮಯಕ್ಕೆ, ಅದೇ ದೂರದಿಂದ ಬರುತ್ತದೆ. ಅದರ ಮೊದಲ ಚಲನೆ ಎಲ್ಲ ಮಾಪಕಗಳಲ್ಲೂ ಮೇಲ್ಮುಖ, ಏಕೆಂದರೆ ಸಿಡಿಮದ್ದು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಸ್ತರಭಂಗ ಜಾರಿದರೆ ಕೆಲವು ಮಾಪಕಗಳಲ್ಲಿ ಮೇಲಕ್ಕೆ, ಕೆಲವದರಲ್ಲಿ ಕೆಳಕ್ಕೆ ಇರುತ್ತದೆ. ಸಿಡಿತದಲ್ಲಿ ಎಸ್ ಅಲೆ ಸಪ್ಪೆ, ಹಿಂದಿನಿಂದ ಬರುವ ಮೇಲ್ಮೈ ಅಲೆ ದಪ್ಪ. ಭೂಕಂಪದಲ್ಲಿ ಎಸ್ ಅಲೆಯೇ ಎದ್ದು ಕಾಣುತ್ತದೆ.

ಎಲ್ಲಕ್ಕಿಂತ ನೆಚ್ಚಬಹುದಾದ ಗುರುತು ಗಾಳಿಯ ಸದ್ದು. ಕ್ವಾರಿ 3 ಕಿ.ಮೀ. ದೂರದಲ್ಲಿದ್ದರೆ ನೆಲದ ಅಲೆ ಅರ್ಧ ಸೆಕೆಂಡಿಗೆ ತಲುಪುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿ, ಸುಮಾರು 9 ಸೆಕೆಂಡಿಗೆ ಬಂದು ಕೋಣೆಯ ಗೋಡೆಗೆ ಬಡಿಯುತ್ತದೆ. ನೆಲದ ನಡುಕ ಪೂರ್ತಿ ಅಡಗಿದ ಮೇಲೆ ಗೆರೆಯಲ್ಲಿ ಮುಳ್ಳಿನಂತೆ ಒಂದು ಮೊನೆ ಏಳುತ್ತದೆ. ಅದು ಕಂಡರೆ ಮರುಯೋಚನೆ ಬೇಡ, ಸಿಡಿತವೇ.

ಸಿಡಿತವನ್ನು ಬರೀ ಉಪದ್ರವ ಎಂದುಕೊಳ್ಳಬೇಡಿ. ಕ್ವಾರಿಯವರು ಒಪ್ಪಿದರೆ ಸಿಡಿಸಿದ ನಿಖರ ಸಮಯ, ಜಾಗ ಬರೆದುಕೊಳ್ಳಿ. ಅಲೆ ನಿಮ್ಮ ಮಾಪಕಕ್ಕೆ ಬರಲು ಹಿಡಿದ ಸಮಯದಿಂದ ನಮ್ಮ ಬಂಡೆಯಲ್ಲಿ ಅಲೆಯ ವೇಗ ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. ಭೂಶಾಖ ಯೋಜನೆಗಳಲ್ಲಿಯೂ ಸಮಯ, ಜಾಗ ಗೊತ್ತಿರುವ ಸಿಡಿತಗಳನ್ನು ಬಳಸಿ ಮಾಪಕ ಜಾಲವನ್ನು ಸರಿಹೊಂದಿಸುತ್ತಾರೆ.

ಎಂಟನೆಯ ಹೆಜ್ಜೆ: ದೂರ, ಜಾಗ, ಆಳ

ಮೊದಲು ಪಿ ಅಲೆ, ಆಮೇಲೆ ಎಸ್ ಅಲೆ. ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಹೊಳೆನರಸೀಪುರದ ಸುತ್ತ 10 ಕಿ.ಮೀ. ಆಳದಲ್ಲಿ ಆದ ಕಂಪನವನ್ನು ಹಾಸನ ನಗರದ ಮಾಪಕ ಹಿಡಿದರೆ ಅಂತರ ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ.

ಒಂದು ಮಾಪಕ ದೂರವನ್ನು ಮಾತ್ರ ಹೇಳುತ್ತದೆ, ದಿಕ್ಕನ್ನಲ್ಲ. ಮೂರು ಮಾಪಕಗಳಿದ್ದರೆ ನಕ್ಷೆಯಲ್ಲಿ ಮೂರು ವೃತ್ತ ಎಳೆದು ಅವು ಸೇರುವ ಜಾಗ ನೋಡಬಹುದು, ನಾಲ್ಕನೆಯದು ತಪ್ಪನ್ನು ಹಿಡಿಯುತ್ತದೆ. ಅದಕ್ಕೇ ನಾಲ್ಕು ಶಾಲೆ ಎಂದೆ. ಆ ನಾಲ್ಕೂ ಬೆಂಗಳೂರು–ಮಂಗಳೂರು ಹೆದ್ದಾರಿಯುದ್ದಕ್ಕೂ ಒಂದೇ ಸಾಲಿನಲ್ಲಿದ್ದರೆ ಪ್ರಯೋಜನವಿಲ್ಲ. ಆಲೂರು, ಬೇಲೂರು, ಅರಸೀಕೆರೆ, ಹೊಳೆನರಸೀಪುರ ಹೀಗೆ ಸುತ್ತಲೂ ಹರಡಿರಬೇಕು.

ಆಳದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಧಿಕೃತ ಪಟ್ಟಿಗಳಲ್ಲಿ ಸಣ್ಣ ಕಂಪನಗಳಿಗೆ ಮತ್ತೆ ಮತ್ತೆ 10 ಕಿ.ಮೀ. ಆಳ ಎಂದು ಕಾಣುತ್ತದೆ. ಹತ್ತಿರದ ಮಾಪಕ ಸಾಕಷ್ಟಿಲ್ಲದೆ ಆಳ ನಿರ್ಧಾರವಾಗದಿದ್ದಾಗ ಹಾಗೆ ಇಟ್ಟುಕೊಳ್ಳುವ ರೂಢಿಯಿದೆ. ಭೂಶಾಖ ಯೋಜನೆಯಲ್ಲಿ ಆಳವೇ ನಿರ್ಣಾಯಕ. ಬಾವಿ 4 ಕಿ.ಮೀ. ಇದ್ದು ಕಂಪನವೂ 4 ಕಿ.ಮೀ. ಆಳದಲ್ಲಿ, ಬಾವಿಯ ಬುಡದ ಹತ್ತಿರವೇ ಆಗಿದ್ದರೆ ಸಂಬಂಧ ಸ್ಪಷ್ಟ. 15 ಕಿ.ಮೀ. ಆಳದಲ್ಲಾಗಿದ್ದರೆ ಬೇರೆಯದೇ ವಿಚಾರ. ಆಳ ತಿಳಿಯಬೇಕಾದರೆ ಒಂದು ಮಾಪಕವಾದರೂ ಕಂಪನದ ಆಳದಷ್ಟು ದೂರದೊಳಗೆ, ಹೆಚ್ಚುಕಡಿಮೆ ನೆತ್ತಿಯ ಮೇಲೆ, ಇರಲೇಬೇಕು. ತಾಲ್ಲೂಕಿಗೊಂದು ಮಾಪಕ ಇದ್ದರೆ 2ರ ಮೇಲಿನ ತೀವ್ರತೆಯ ಕಂಪನವನ್ನು ಹಿಡಿಯಬಹುದು. ಭೂಶಾಖ ಬಾವಿಗೆ ಮೂರು ನಾಲ್ಕು ಕಿ.ಮೀ. ಅಂತರದ ಜಾಲವೇ ಬೇಕು.

ತೀವ್ರತೆಯ ಅಂಕಿಯನ್ನು ನೀವೇ ಘೋಷಿಸಬೇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ಕೊಡುವ ಅಂಕಿಗಳ ಜೊತೆ ನಿಮ್ಮ ಗೆರೆಯ ಎತ್ತರವನ್ನು ಹೋಲಿಸುತ್ತಾ ಹೋಗಿ. ಅಂಕಿ ಒಂದು ಏರಿದರೆ ಅಲುಗಾಟ ಹತ್ತು ಪಟ್ಟು, ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಒಂದು ಇಳಿದರೆ ಕಂಪನಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಹೆಚ್ಚು. ಸಣ್ಣವನ್ನು ಎಣಿಸುವುದಕ್ಕೆ ಬೆಲೆ ಬರುವುದು ಇಲ್ಲೇ. ದೊಡ್ಡದು ಅಪರೂಪ, ಅದಕ್ಕಾಗಿ ಕಾಯದೆಯೇ ನೆಲದ ಸ್ವಭಾವ ತಿಳಿಯುತ್ತದೆ.

ಒಂಬತ್ತನೆಯ ಹೆಜ್ಜೆ: ಗೋಡೆಗೆ ಎಷ್ಟು ತಗುಲಿತು

ಮನೆಯವರಿಗೆ ಬೇಕಿರುವುದು ತೀವ್ರತೆಯ ಅಂಕಿಯಲ್ಲ, ತಮ್ಮ ಅಂಗಳ ಎಷ್ಟು ವೇಗವಾಗಿ ಅಲುಗಿತು ಎಂಬುದು. ಜಿಯೋಫೋನ್ ಅದನ್ನೇ ಅಳೆಯುತ್ತದೆ, ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು. ಭೂಶಾಖ ಯೋಜನೆಗಳಿಗೆ ನಮ್ಮಲ್ಲಿ ಬಳಸಬಹುದಾದ ಹತ್ತಿರದ ಅಳತೆಗೋಲು ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಸಿಡಿತಗಳಿಗೆ ಹಾಕಿದ ಮಿತಿ. ಸೆಕೆಂಡಿಗೆ 8ಕ್ಕಿಂತ ಕಡಿಮೆ ಆವರ್ತನದ ಅಲುಗಾಟವಾದರೆ ಸಾಮಾನ್ಯ ಮನೆಗಳಿಗೆ 5 ಮಿಲಿಮೀಟರ್, ಐತಿಹಾಸಿಕ ಕಟ್ಟಡಗಳಿಗೆ ಬರೀ 2. ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಬಳಪದ ಕಲ್ಲಿನ ಆ ಕೆತ್ತನೆಗೆ 2ರ ಮಿತಿಯೂ ಹೆಚ್ಚೇ ಎಂದು ನನಗೆ ಅನ್ನಿಸುತ್ತದೆ. ಅವುಗಳ ಸುತ್ತ ಯಾವ ಕೆಲಸ ನಡೆದರೂ ಮಾಪಕ ಇರಲೇಬೇಕು.

ಹತ್ತನೆಯ ಹೆಜ್ಜೆ: ನೀರಿನ ಮಟ್ಟದ ಪಕ್ಕ ಕಂಪನದ ಎಣಿಕೆ

ಭೂಶಾಖ ಯೋಜನೆಯಲ್ಲಿ ನುಗ್ಗಿಸಿದ ನೀರಿನ ಪ್ರಮಾಣ, ಒತ್ತಡ ಮತ್ತು ಕಂಪನಗಳ ಸಂಖ್ಯೆ ಮೂರನ್ನೂ ಒಂದೇ ಹಾಳೆಯಲ್ಲಿ, ಒಂದೇ ಸಮಯದ ಗೆರೆಯ ಮೇಲೆ ಬರೆಯುತ್ತಾರೆ. ನಮ್ಮಲ್ಲಿ ಅದನ್ನು ಅಭ್ಯಾಸ ಮಾಡಲು ಜಲಾಶಯಗಳಿವೆ. ಗೊರೂರಿನ ಹೇಮಾವತಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ. ಲಕ್ಕವಳ್ಳಿಯ ಭದ್ರಾ ತಳದಿಂದ 186 ಅಡಿ, ಸುಮಾರು 71.5 ಟಿಎಂಸಿ. ದಿನದ ಮಟ್ಟ ಪತ್ರಿಕೆಯಲ್ಲೇ ಬರುತ್ತದೆ. ಅದನ್ನು ಬರೆದಿಟ್ಟು, ಕೆಳಗೆ ಜಲಾಶಯದಿಂದ 30 ಕಿ.ಮೀ. ಒಳಗಿನ ಕಂಪನಗಳ ಎಣಿಕೆ ಹಾಕಿ.

ಮಹಾರಾಷ್ಟ್ರದ ಕೊಯ್ನಾದಲ್ಲಿ ಜಲಾಶಯ ತುಂಬಿದ ಮೇಲೆ ಕಂಪನಗಳು ಹೆಚ್ಚಿ, 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3 ತೀವ್ರತೆಯ ಭೂಕಂಪವಾಯಿತು. ಆದರೆ ಒಂದೆರಡು ಮಳೆಗಾಲದ ಹೊಂದಾಣಿಕೆ ನೋಡಿ ಹೇಮಾವತಿಯನ್ನಾಗಲಿ ಭದ್ರೆಯನ್ನಾಗಲಿ ದೂರಬೇಡಿ. ಹಲವು ವರ್ಷ ಒಂದೇ ಬಗೆ ಮರುಕಳಿಸಿದರೆ ಮಾತ್ರ ಅದು ವಿಜ್ಞಾನಿಗಳ ಮುಂದಿಡಬಹುದಾದ ಮಾತು.

ಹನ್ನೊಂದನೆಯ ಹೆಜ್ಜೆ: ಜನರ ಮಾತು

ಮಾಪಕದ ಜೊತೆಗೆ ಮನುಷ್ಯರ ಸಾಕ್ಷಿಯೂ ಬೇಕು. ಆಳವಿಲ್ಲದ ಸಣ್ಣ ಕಂಪನ ನಡುಕಕ್ಕಿಂತ ಹೆಚ್ಚಾಗಿ ಸದ್ದಾಗಿ ಕೇಳಿಸುತ್ತದೆ, ಹೆಲ್ಸಿಂಕಿಯ ಜನರೂ ಗುಡುಗಿನಂಥ ಸದ್ದು ಕೇಳಿಸಿತೆಂದು ದೂರಿದ್ದರು. ಯಾರಾದರೂ ಬಂದು ಹೇಳಿದರೆ ಇಷ್ಟು ಕೇಳಿ ಬರೆದುಕೊಳ್ಳಿ: ಸಮಯ, ಕುಳಿತಿದ್ದರೋ ಮಲಗಿದ್ದರೋ, ಪಾತ್ರೆ ಅಲುಗಿತೋ, ಸದ್ದು ಮೊದಲೋ ನಡುಕ ಮೊದಲೋ, ಬಿರುಕು ಹೊಸದೋ ಹಳೆಯದೋ. "ಭೂಕಂಪ ಆಯಿತಲ್ಲವೇ" ಎಂದು ನೀವೇ ಬಾಯಿಗೆ ಹಾಕಬೇಡಿ. ಎರಡು ಮಾಪಕಗಳು ಒಪ್ಪುವ ಮುಂಚೆ ವಾಟ್ಸಾಪ್ ಗುಂಪಿಗೆ ಏನನ್ನೂ ಹಾಕಬೇಡಿ. ಮುಂದಿನದು ಯಾವಾಗ ಎಂದು ಯಾರಿಗೂ ಹೇಳಬೇಡಿ, ಅದನ್ನು ಹೇಳಬಲ್ಲ ಉಪಕರಣ ಜಗತ್ತಿನಲ್ಲಿಲ್ಲ.

ಯೋಜನೆ ನಿಜವಾಗಿ ಬಂದರೆ ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಇದು ಯಾವ ಊರಿಗೂ ಅನ್ವಯಿಸುತ್ತದೆ, ಲಡಾಖಿಗೂ. ಕೊರೆಯುವ ಮುಂಚಿನ ಎಷ್ಟು ತಿಂಗಳ ದಾಖಲೆ ನಿಮ್ಮಲ್ಲಿದೆ? ಹತ್ತಿರದ ಸ್ತರಭಂಗಗಳ ನಕ್ಷೆ ಎಲ್ಲಿ? ಮಾಪಕಗಳ ಮಾಹಿತಿ ಸಾರ್ವಜನಿಕರಿಗೆ ಆಗಿಂದಾಗಲೇ ಸಿಗುತ್ತದೆಯೇ, ಇಲ್ಲವೇ ವರದಿಯಾಗಿ ವರ್ಷದ ಕೊನೆಗೆ ಬರುತ್ತದೆಯೇ? ಹಸಿರು, ಹಳದಿ, ಕೆಂಪು ಎಂದು ಗೊತ್ತುಮಾಡಿದ ಮಿತಿಗಳು ಯಾವುವು, ಕೆಂಪು ಬಿದ್ದಾಗ ಪಂಪ್ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ? ಆ ಅಧಿಕಾರ ಕಂಪನಿಯ ಕೈಯಲ್ಲಿ ಮಾತ್ರ ಇದ್ದರೆ ಒಪ್ಪಬೇಡಿ. ಕೆಂಪಿನ ಮಿತಿಯನ್ನು ಜನ ಸಹಿಸುವ ಅಲುಗಾಟಕ್ಕಿಂತ ಸಾಕಷ್ಟು ಕೆಳಗೆ ಇಡಬೇಕು, ಏಕೆಂದರೆ ಬಾಸೆಲ್‌ನಲ್ಲಿ ದೊಡ್ಡದು ಬಂದದ್ದು ನೀರು ನಿಲ್ಲಿಸಿದ ಮೇಲೆ. ಸುತ್ತಲಿನ ಮನೆಗಳ ಗೋಡೆಗಳನ್ನು ಈಗಲೇ ದಿನಾಂಕ ಸಹಿತ ಫೋಟೋ ತೆಗೆದು ಎರಡೂ ಕಡೆಯವರು ಸಹಿ ಹಾಕಲಿ, ಪರಿಹಾರದ ವಿಮೆ ಯಾರು ಕಟ್ಟುತ್ತಾರೆ ಎಂಬುದೂ ಲಿಖಿತವಾಗಿರಲಿ.

ಕೊನೆಯ ಷರತ್ತನ್ನು ಬಿಟ್ಟುಕೊಡಬೇಡಿ: ಪಂಪ್ ನಿಂತ ದಿನವೇ ಮಾಪಕ ಕಿತ್ತುಕೊಂಡು ಹೋಗುವಂತಿಲ್ಲ. ಪೊಹಾಂಗ್‌ನ ಎರಡು ತಿಂಗಳನ್ನು ನೆನಪಿಸಿ, ಕನಿಷ್ಠ ಎರಡು ವರ್ಷ ಮಾಪಕಗಳು ಅಲ್ಲೇ ಇದ್ದು ದಾಖಲೆ ಮುಂದುವರಿಯಬೇಕು, ಅದರ ಖರ್ಚನ್ನು ಯೋಜನೆಯವರು ಮುಂಗಡವಾಗಿ ಠೇವಣಿ ಇಡಬೇಕು ಎಂದು ಅನುಮತಿ ಪತ್ರದಲ್ಲೇ ಬರೆಸಿ. ಆ ಪತ್ರದ ಒಂದು ಪ್ರತಿ, ನಿಮ್ಮ ಗದ್ದಲದ ಪುಸ್ತಕದ ಒಂದು ಪ್ರತಿ, ವರ್ಷದ ದಾಖಲೆಯ ಒಂದು ಪೆನ್‌ಡ್ರೈವ್ ಮೂರನ್ನೂ ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.